ಬಿಳಿಗಿರಿಯ ಕಾಡುದಾರಿಗಳು: ಒಂದು ನೆನಪು, ಒಂದಿಷ್ಟು ಚರಿತ್ರೆ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ಕೆಲವು ತಿಂಗಳ ಹಿಂದೆ ದೂರವಾಣಿ ಮಾಡಿ, "ಮಾವ, ಕುದೇರಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿರ ಅಲ್ವಾ? ಅಲ್ಲಿ ಓಡೋದಕ್ಕೆ ಒಳ್ಳೇ ಟ್ರೇಲ್ ಇದೆಯಾ?" ಎಂದು ಕೇಳಿದನು. ಟ್ರೇಲ್ ಎಂದರೆ ಕಾಡಿನ ಕಾಲುದಾರಿ ಎಂಬಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಆದರೆ ಬೆಟ್ಟದ ಕಾಲುದಾರಿಯಲ್ಲಿ ಯಾರಾದರೂ ಸುಮ್ಮನೆ ಓಡಬೇಕೆಂದು ಬಯಸುತ್ತಾರೆ ಎಂಬುದು ನನಗೆ ಹೊಸ ವಿಷಯವಾಗಿತ್ತು. ನಮ್ಮ ಕಾಲದಲ್ಲಿ ಕಾಡಿನಲ್ಲಿ ಓಡಿದವನೆಂದರೆ ಆನೆ ಅಟ್ಟಿಸಿಕೊಂಡು ಬಂದವನು! ಮಲೆನಾಡಿನ ಕಾಫಿ ತೋಟಗಳ ನಡುವೆ ಐವತ್ತು, ನೂರು ಕಿಲೋಮೀಟರುಗಳ ಓಟದ ಸ್ಪರ್ಧೆಗಳೇ ನಡೆಯುತ್ತವೆಂದೂ, ತಾನು ಅದಕ್ಕೆ ತಯಾರಿ ನಡೆಸುತ್ತಿರುವುದಾಗಿಯೂ ಅವನು ವಿವರಿಸಿದನು. ಆಗ ಏನೋ ಒಂದು ಉತ್ತರ ಹೇಳಿ ಮಾತು ಮುಗಿಸಿದೆನಾದರೂ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಬೆಟ್ಟದಲ್ಲಿ ದಾರಿಗಳಿವೆಯೇ? ಇದ್ದವು. ಅವು ಯಾರವು, ಏನಾದವು ಎಂಬುದನ್ನು ಬರೆದಿಡಬೇಕೆನಿಸಿತು. ಅದರೊಡನೆ, ಇಷ್ಟು ವರ್ಷ ಯಾರಿಗೂ ಹೇಳದಿದ್ದ ನನ್ನ ಒಂದು ತಪ್ಪನ್ನೂ ಬರೆಯಬೇಕಾಗಿದೆ.

ಮೊದಲು ಕಾಡಿನ ಬಗ್ಗೆ ಒಂದು ಮಾತು. ಉಷ್ಣವಲಯದ ಮಳೆಕಾಡು ಎಂದು ತರಗತಿಯಲ್ಲಿ ಪಾಠ ಮಾಡುವಾಗ ನಾವು ಅಮೆಜಾನ್, ಕಾಂಗೋ ಎಂದು ಹೇಳಿ, ನಮ್ಮ ರಾಜ್ಯಕ್ಕೆ ಬಂದರೆ ಆಗುಂಬೆ, ಕುದುರೆಮುಖ ಎನ್ನುತ್ತಿದ್ದೆವು. ಬಿಳಿಗಿರಿಯನ್ನು ಯಾರೂ ಹೇಳುತ್ತಿರಲಿಲ್ಲ. ಅದು ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಬುಡದಲ್ಲಿ ಕುರುಚಲು, ಅದನ್ನು ದಾಟಿದರೆ ಎಲೆ ಉದುರುವ ಕಾಡು, ಇನ್ನೂ ಮೇಲಕ್ಕೆ ಹೋದಂತೆ ನಿತ್ಯಹರಿದ್ವರ್ಣದ ಕಾಡು, ನೆತ್ತಿಯಲ್ಲಿ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಶೋಲಾ. ಇಷ್ಟೂ ಒಂದು ಹಗಲಿನ ನಡಿಗೆಯಲ್ಲಿ ಸಿಗುತ್ತವೆ. ಬುಡದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ನೆತ್ತಿಯಲ್ಲಿ ಅದರ ಹಲವು ಪಟ್ಟು. ನಮ್ಮ ಕುದೇರಿನ ಹೊಲದಲ್ಲಿ ರಾಗಿ ಪೈರು ಬಾಡಿ ನಿಂತಿರುವಾಗ ಮೂಡಲ ದಿಕ್ಕಿನ ಬೆಟ್ಟದ ಮೇಲೆ ಮೋಡ ಕವಿದು ಮಳೆ ಸುರಿಯುವುದನ್ನು ನೋಡಿ ನಮ್ಮ ತಂದೆಯವರು ನಿಟ್ಟುಸಿರು ಬಿಡುತ್ತಿದ್ದರು. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆಯಂತಿರುವ ಬೆಟ್ಟಸಾಲು ಇದು. ಆನೆಗಳು ಆ ಸೇತುವೆಯನ್ನು ನಮಗಿಂತ ಚೆನ್ನಾಗಿ ಬಲ್ಲವು.

ನಾನು ಮೊದಲ ಬಾರಿ ಬೆಟ್ಟವನ್ನು ನಡೆದು ಹತ್ತಿದ್ದು 1969ರ ದೊಡ್ಡ ಜಾತ್ರೆಗೆ, ಹತ್ತು ವರ್ಷದ ಹುಡುಗನಾಗಿದ್ದಾಗ. ಕುದೇರಿನಿಂದ ಸಂತೇಮರಹಳ್ಳಿ, ಯಳಂದೂರಿನವರೆಗೆ ಎತ್ತಿನ ಗಾಡಿ. ಬುಡದಲ್ಲಿ ಗಾಡಿ ಬಿಟ್ಟು, ಎತ್ತುಗಳಿಗೆ ಹುಲ್ಲು ಹಾಕಿ, ಬೆಳಗಿನ ಜಾವ ಹೊರಟೆವು. ಅಜ್ಜಿ ಬುತ್ತಿಯ ಗಂಟು ಹೊತ್ತಿದ್ದರು. ಕಾಲುದಾರಿ ಎಂದರೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ. ಎರಡೂ ಕಡೆ ಬಿದಿರು ಬಾಗಿ ಚಪ್ಪರ ಹಾಕಿದಂತಿತ್ತು. ಸಾವಿರಾರು ಜನರ ಪಾದಗಳು ಸವೆಸಿದ ಬೇರುಗಳೇ ನಮಗೆ ಮೆಟ್ಟಿಲು. ಏದುಸಿರು ಬಿಡುತ್ತಾ ನಡುವೆ ಕುಳಿತವರನ್ನು ಕಂಡರೆ ಹಿಂದಿನವರು "ಗೋವಿಂದಾ" ಎಂದು ಕೂಗುತ್ತಿದ್ದರು. ಅವರು ಎದ್ದು ಮತ್ತೆ ನಡೆಯುತ್ತಿದ್ದರು. ನನಗೆ ಕಾಲು ನೋವಿನಿಂದ ಅಳು ಬಂದಾಗ ಅಜ್ಜಿ ಹೇಳಿದ್ದು ರಂಗಪ್ಪನ ಪಾದರಕ್ಷೆಯ ಕಥೆ.

ಆ ಕಥೆ ನಮ್ಮ ಸೀಮೆಯವರಿಗೆಲ್ಲ ಗೊತ್ತಿರುವುದೇ. ಆದರೂ ದೂರದ ಓದುಗರಿಗಾಗಿ ಹೇಳುತ್ತೇನೆ. ಬಿಳಿಗಿರಿರಂಗನಾಥ ರಾತ್ರಿಯ ಹೊತ್ತು ಕಾಡನ್ನೆಲ್ಲ ಸುತ್ತುತ್ತಾನೆ. ಸುತ್ತಿ ಸುತ್ತಿ ಅವನ ಪಾದರಕ್ಷೆ ಸವೆಯುತ್ತದೆ. ಆದ್ದರಿಂದ ಬೂದಿತಿಟ್ಟು ಗ್ರಾಮದ ಮಾದಿಗ ಸಮುದಾಯದ ಭಕ್ತರು ಎರಡು ವರ್ಷಕ್ಕೊಮ್ಮೆ ದೊಡ್ಡದೊಂದು ಜೊತೆ ಹೊಸ ಮೆಟ್ಟನ್ನು ಹೊಲಿದು ತಂದು ಒಪ್ಪಿಸುತ್ತಾರೆ. ಇನ್ನು, ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದವನಾದ್ದರಿಂದ ಸೋಲಿಗರಿಗೆ ಅವನು ದೇವರಿಗಿಂತ ಹೆಚ್ಚಾಗಿ ಭಾವ. "ರಂಗಭಾವ" ಎಂದೇ ಅವರು ಕರೆಯುವುದು. ಭಾವ ಎಂದಮೇಲೆ ಸಲಿಗೆ ಇರುತ್ತದೆ, ತಮಾಷೆ ಇರುತ್ತದೆ, ಸಿಟ್ಟೂ ಇರುತ್ತದೆ. ವೈಕುಂಠದ ದೇವರನ್ನು ಕಾಡಿನ ಕಾಲುದಾರಿಗೆ ಇಳಿಸಿ, ನಡೆಸಿ, ಚಪ್ಪಲಿ ಸವೆಸಿದ ಜನ ನಮ್ಮವರು. ಹೊಲಿದವರನ್ನು ಗರ್ಭಗುಡಿಯಿಂದ ದೂರವಿಟ್ಟ ನಾಡಿನಲ್ಲಿ ಹೊಲಿದ ಮೆಟ್ಟು ಮಾತ್ರ ಪೂಜೆಗೊಳ್ಳುತ್ತಾ ಬಂದಿತೆಂಬುದನ್ನೂ ಚರಿತ್ರೆಯ ಮೇಷ್ಟ್ರಾದವನು ಮರೆಯಬಾರದು.

ಕಾಡಿನಲ್ಲಿ ಓಡುವುದು ಹೊಸದೆಂದು ನಾನು ಮೊದಲಿಗೆ ಅಂದುಕೊಂಡದ್ದು ಸಹ ಸರಿಯಲ್ಲವೆಂದು ಆಮೇಲೆ ಹೊಳೆಯಿತು. ಮೈಸೂರು ಅಂಚೆ ಇತ್ತಲ್ಲ! 1672ರ ಸುಮಾರಿಗೆ ಚಿಕ್ಕದೇವರಾಜ ಒಡೆಯರು ಆರಂಭಿಸಿದ ಈ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಅಂಚೆಯೊಡನೆ ವಿಲೀನವಾಗುವವರೆಗೆ ಇನ್ನೂರಕ್ಕೂ ಹೆಚ್ಚು ವರ್ಷ ನಡೆಯಿತು. ಪಟ್ಟಕ್ಕೆ ಬರುವ ಮುನ್ನ ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ಕಾವಲಿನಲ್ಲಿದ್ದ ದೊರೆ ಅವರು. ಕಾಡಂಚಿನ ಊರಿನಲ್ಲಿ ಕುಳಿತವನಿಗೆ ಸುದ್ದಿಯ ಬೆಲೆ ಎಷ್ಟೆಂಬುದು ಚೆನ್ನಾಗಿ ತಿಳಿದಿರಬೇಕು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಚೀಲ ಹೆಗಲಿಗೇರಿಸಿ, ಗೆಜ್ಜೆ ಕಟ್ಟಿದ ಕೋಲು ಹಿಡಿದು ಅಂಚೆಯವನು ಕಟ್ಟೆಯಿಂದ ಕಟ್ಟೆಗೆ ಓಡುತ್ತಿದ್ದನು. ಗೆಜ್ಜೆಯ ಸದ್ದಿಗೆ ಮೃಗಗಳು ದೂರ ಸರಿಯಲಿ ಎಂಬುದೂ ಒಂದು ಉದ್ದೇಶ. ಅವನಿಗೆ ಓಟ ಹೊಟ್ಟೆಪಾಡು. ನನ್ನ ಸೋದರಳಿಯ ಅದಕ್ಕೆ ಶುಲ್ಕ ಕಟ್ಟುತ್ತಾನೆ.

ಇನ್ನು ಬೆಟ್ಟದ ದಾರಿಗಳ ಬಗ್ಗೆ ಬರೆದಿಟ್ಟವರ ವಿಷಯ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಹಾದುಹೋಗುತ್ತಾ ಸೋಲಿಗರ ಬಗ್ಗೆ ಬರೆದನು. ಅನಂತರ ಬಂದವನು ಜಿ.ಪಿ. ಸ್ಯಾಂಡರ್ಸನ್. ಮೈಸೂರು ಸರ್ಕಾರದ ಕಾಲುವೆಗಳ ಉಸ್ತುವಾರಿಗೆ ಬಂದ ಈತ ಚಾಮರಾಜನಗರದ ಹತ್ತಿರ ಮನೆ ಕಟ್ಟಿಕೊಂಡು, ಕನ್ನಡ ಕಲಿತು, 1874ರಲ್ಲಿ ಖೆಡ್ಡಾ ಮಾಡಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಸಿದನು. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ನಮ್ಮ ಊರುಕೇರಿಗಳ ಹೆಸರುಗಳು ಇಂಗ್ಲಿಷಿನವನ ನಾಲಿಗೆಗೆ ಸಿಕ್ಕಿ ಚಿತ್ರವಿಚಿತ್ರವಾಗಿ ಕಾಣುತ್ತವೆ. ಹೆಜ್ಜೆ ಗುರುತು ಹಿಡಿದು ಅವನಿಗೆ ದಾರಿ ತೋರಿಸಿದವರು ಕಾಡಿನ ಜನ, ಕಾಡಂಚಿನ ಜನ. ಆನೆ ಹಿಡಿದ ಕೀರ್ತಿ ಅವನಿಗೆ ಹೋಯಿತು. ದಾರಿ ತೋರಿಸಿದವರಿಗೆ ಬಕ್ಷೀಸು ಸಿಕ್ಕಿತೆಂದು ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾರಿಸ್ ಎಂಬ ಸ್ಕಾಟ್ಲೆಂಡಿನ ಕುಟುಂಬ ಅತ್ತಿಕಾನೆಯಲ್ಲಿಯೂ ಆಮೇಲೆ ಹೊನ್ನಮೇಟಿಯಲ್ಲಿಯೂ ಕಾಫಿ ತೋಟ ಮಾಡಿತು. ಎರಡನೆಯ ತಲೆಮಾರಿನ ಆರ್.ಸಿ. ಮಾರಿಸ್ ಬೇಟೆಗಾರನಾಗಿದ್ದು ಪ್ರಕೃತಿಶಾಸ್ತ್ರಜ್ಞನೆಂದೂ ಹೆಸರಾದನು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿಯವರು ಈ ಬೆಟ್ಟಗಳಲ್ಲಿಯೂ ಓಡಾಡಿದ್ದರು. ಆದರೆ ಈ ಕುಟುಂಬದಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದವರು ಆರ್.ಸಿ. ಮಾರಿಸ್ ಅವರ ಮಗಳು ಮೋನಿಕಾ. 1920ರಲ್ಲಿ ಹುಟ್ಟಿ, ಬಿಳಿಗಿರಿಯ ಕಾಡಿನಲ್ಲಿ ಬಾಲ್ಯ ಕಳೆದ ಈಕೆ ಮದುವೆಯ ನಂತರ ಮೋನಿಕಾ ಜ್ಯಾಕ್ಸನ್ ಆದರು. 1955ರಲ್ಲಿ ನೇಪಾಳದ ಜುಗಲ್ ಹಿಮಾಲಕ್ಕೆ ಮೂವರು ಮಹಿಳೆಯರ ಒಂದು ತಂಡ ಹೋಯಿತು. ಹಿಮಾಲಯಕ್ಕೆ ಮಹಿಳೆಯರಷ್ಟೇ ಸೇರಿ ಕೈಗೊಂಡ ಮೊದಲ ಪರ್ವತಾರೋಹಣ ಅದು. ಆ ಮೂವರಲ್ಲಿ ಮೋನಿಕಾ ಒಬ್ಬರು. ಅವರು ಏರಿದ ಶಿಖರಕ್ಕೆ ತಮ್ಮೊಡನೆ ಬಂದ ಶೆರ್ಪಾ ನಾಯಕ ಮಿಂಗ್ಮಾ ಗ್ಯಾಲ್ಗೆನ್ ಅವರ ಹೆಸರನ್ನಿಟ್ಟರು. ಈ ವಿಷಯ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ದಾರಿ ತೋರಿಸಿದವನ ಹೆಸರನ್ನು ಬೆಟ್ಟಕ್ಕೇ ಇಟ್ಟವರು ಅವರು. ನಾನು ಮಾಡಿದ್ದು ಬೇರೆಯೇ ಆಗಿತ್ತು.

1989ರ ಡಿಸೆಂಬರ್. ಆಗ ನಾನು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನದ ಸಹಶಿಕ್ಷಕ. ಬಿ.ಎಡ್. ಮುಗಿಸಿ ಬಂದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ಒಂಬತ್ತನೆಯ ತರಗತಿಯ ಹದಿನೆಂಟು ಹುಡುಗರನ್ನು ಅನುಮತಿ ಪಡೆದು ದೊಡ್ಡ ಸಂಪಿಗೆ ನೋಡಲು ಕರೆದೊಯ್ದೆ. ಭಾರ್ಗವಿ ಹೊಳೆಯ ದಂಡೆಯಲ್ಲಿ ನೂರಾರು ವರ್ಷಗಳಿಂದ ನಿಂತಿರುವ ಆ ಸಂಪಿಗೆ ಮರ ಸೋಲಿಗರಿಗೆ ದೇವರು. ದಾರಿ ತೋರಿಸಲು ಬಂದವರು ಪೋಡಿನ ಒಬ್ಬ ಅಜ್ಜ. ತೆಳ್ಳನೆಯ ಮೈ, ಹೆಗಲ ಮೇಲೊಂದು ಟವಲು, ಕೈಯಲ್ಲಿ ಮಚ್ಚು, ಬರಿಗಾಲು. ಹೋಗುವಾಗ ಅವರು ಎಡಬಲ ನೋಡುತ್ತಾ, ಅಲ್ಲಲ್ಲಿ ಒಂದು ಹಿಡಿ ಸೊಪ್ಪು ಮುರಿದು ಯಾವುದೋ ಕಲ್ಲಿನ ಮೇಲೆ ಹಾಕಿ ಕೈಮುಗಿದು ಮುಂದೆ ಸಾಗುತ್ತಿದ್ದರು. ನಮಗೆ ಕಲ್ಲು ಮಾತ್ರ ಕಾಣುತ್ತಿತ್ತು. ಅವರಿಗೆ ಅದು ಒಂದು ಎಲ್ಲೆ, ಒಂದು ಕುಲದ ದೇವರ ನೆಲೆ. ಹೀಗೆ ಈ ಬೆಟ್ಟಗಳಲ್ಲಿ ಸೋಲಿಗರ ದೇವರು, ಮಾರಮ್ಮ, ವೀರರು, ಕಲ್ಲುಗುಡಿಗಳು ನೂರಾರು ಇವೆಯೆಂದೂ, ದಾರಿಗಳೆಲ್ಲ ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಹೆಣೆದುಕೊಂಡಿವೆಯೆಂದೂ ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಸಂಶೋಧಕರು ಸೋಲಿಗರೊಡನೆ ಸೇರಿ ಅವುಗಳ ನಕ್ಷೆ ಮಾಡಿದ ಬಳಿಕ.

ಹಿಂದಿರುಗುವಾಗ ಹೊತ್ತಾಗಿತ್ತು. ಒಂದು ಕಡೆ ದಾರಿ ಕವಲಾಯಿತು. ಎಡಗಡೆಯದು ಅಗಲವಾಗಿ, ಹಸನಾಗಿ ಇಳಿಯುತ್ತಿತ್ತು. ನನ್ನ ಚೀಲದಲ್ಲಿ ಭೂಪಟವಿತ್ತು. ಅದನ್ನು ಬಿಡಿಸಿ ನೋಡಿ, ಇದೇ ಹತ್ತಿರದ ದಾರಿ ಎಂದು ನಿರ್ಧರಿಸಿದೆ. ಅಜ್ಜ ತಲೆಯಾಡಿಸಿ, "ಅದು ಆನೆ ದಾರಿ ಬುದ್ಧಿ. ನೀರಿಗೆ ಹೋಯ್ತದೆ, ಊರಿಗೆ ಹೋಗಕಿಲ್ಲ" ಎಂದರು. ಹುಡುಗರ ಮುಂದೆ ಭೂಪಟ ಓದುವುದನ್ನು ಕಲಿಸಿದ ಮೇಷ್ಟ್ರು ನಾನು. ನನ್ನ ಮಾತೇ ನಡೆಯಬೇಕೆಂದು ಹಟ ಮಾಡಿದೆ. ಅವರು ಮರುಮಾತಾಡದೆ ನಮ್ಮ ಹಿಂದೆ ಬಂದರು.

ದಾರಿ ನೀರಿಗೇ ಹೋಯಿತು. ಮಬ್ಬುಗತ್ತಲಲ್ಲಿ ಒಂದು ಮಡುವಿನ ದಂಡೆಗೆ ತಲಪಿದಾಗ ಹಬೆಯಾಡುತ್ತಿದ್ದ ಆನೆಲದ್ದಿ ಎದುರಿಗಿತ್ತು. ಆಚೆ ದಡದಲ್ಲಿ ಬಿದಿರು ಮುರಿಯುವ ಸದ್ದು. ಒಬ್ಬ ಹುಡುಗನ ಕಾಲು ಉಳುಕಿತ್ತು. ಅಜ್ಜ ಬಾಯಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಕೂರಿಸಿದರು, ಚಿಟಿಕೆ ಮಣ್ಣು ತೂರಿ ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಿದರು, ಆಮೇಲೆ ಹುಡುಗನನ್ನು ಬೆನ್ನ ಮೇಲೆ ಹೊತ್ತು ಬೇರೊಂದು ದಿಕ್ಕಿಗೆ ನಡೆದರು. ದಾರಿಯೇ ಇಲ್ಲವೆಂದು ನಾನು ಭಾವಿಸಿದ್ದ ಕಡೆ ದಾರಿಯಿತ್ತು. ರಾತ್ರಿ ಎಂಟರ ಹೊತ್ತಿಗೆ ಅವರ ಪೋಡು ಸೇರಿದೆವು. ಅಲ್ಲಿನ ಹೆಂಗಸರು ಹದಿನೆಂಟು ಮಕ್ಕಳಿಗೂ ನನಗೂ ರಾಗಿಹಿಟ್ಟು, ಬೇಯಿಸಿದ ಕಾಡುಗೆಣಸು ಕೊಟ್ಟರು. ಅವರ ಮನೆಗಳಲ್ಲಿ ಆ ರಾತ್ರಿ ಯಾರು ಉಪವಾಸ ಮಲಗಿದರೋ ಕೇಳುವ ಬುದ್ಧಿ ನನಗೆ ಬರಲಿಲ್ಲ.

ಊರಿಗೆ ಮರಳಿದ ಮೇಲೆ ಪೋಷಕರು ಪ್ರಶ್ನಿಸಿದರು, ಮೇಲಿನವರು ವರದಿ ಕೇಳಿದರು. ನಾನು ಬರೆದುಕೊಟ್ಟ ವರದಿಯಲ್ಲಿ "ಮಾರ್ಗದರ್ಶಿಯು ದಾರಿ ತಪ್ಪಿಸಿದ ಕಾರಣ ವಿಳಂಬವಾಯಿತು" ಎಂಬ ಒಂದು ವಾಕ್ಯವಿತ್ತು. ಆ ಒಂದು ವಾಕ್ಯದಿಂದ ನನ್ನ ಕೆಲಸ ಉಳಿಯಿತು. ಮರುವರ್ಷದ ಪ್ರವಾಸಕ್ಕೆ ಆ ಅಜ್ಜನನ್ನು ಯಾರೂ ಕರೆಯಲಿಲ್ಲ. ಅವರಿಗೆ ಸಿಗುತ್ತಿದ್ದ ಎರಡು ದಿನದ ಕೂಲಿ ತಪ್ಪಿತು. ಕೆಲವು ವರ್ಷಗಳ ನಂತರ ಧೈರ್ಯ ಮಾಡಿ ಪೋಡಿಗೆ ಹೋದಾಗ ಅವರು ತೀರಿಕೊಂಡಿದ್ದರು. ಅವರ ಮಗ ನನ್ನನ್ನು ಗುರುತಿಸಿ ಚಹಾ ಕೊಟ್ಟನು. ಹೇಳಬೇಕಾದುದನ್ನು ಹೇಳದೆಯೇ ಬಂದೆ.

ಚರಿತ್ರೆಗೆ ಮರಳುತ್ತೇನೆ. 1974ರಲ್ಲಿ ಬಿಳಿಗಿರಿ ವನ್ಯಜೀವಿಧಾಮವಾಯಿತು. 1987ರಲ್ಲಿ ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಿಸಿತು. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೆ ಸೋಲಿಗರ ಬೇಟೆ ನಿಂತಿತು, ಕಾಡಿನೊಳಗೆ ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು, ಒಳಗಿನ ಪೋಡುಗಳು ರಸ್ತೆಯ ಬದಿಗೆ ಬಂದವು. ಅವರು ಬೇಸಗೆಗೆ ಮುನ್ನ ಹಾಕುತ್ತಿದ್ದ ತರಗು ಬೆಂಕಿಗೂ ನಿಷೇಧ ಬಂತು. ಒಣಗಿದ ಎಲೆಯನ್ನಷ್ಟೇ ಸುಡುವ, ಮೊಣಕಾಲೆತ್ತರವೂ ಏಳದ ಬೆಂಕಿ ಅದು. ಅದು ನಿಂತಮೇಲೆ ಲಂಟಾನ ಹಬ್ಬಿತೆಂದು ಸೋಲಿಗರು ಮೊದಲಿನಿಂದ ಹೇಳುತ್ತಾ ಬಂದಿದ್ದಾರೆ. 1997 ಮತ್ತು 2008ರಲ್ಲಿ ಇದೇ ಕಾಡಿನಲ್ಲಿ ನಡೆಸಿದ ಅಳತೆಗಳು ಹನ್ನೊಂದು ವರ್ಷಗಳಲ್ಲಿ ಲಂಟಾನದ ದಟ್ಟಣೆ ನಾಲ್ಕು ಪಟ್ಟಾಯಿತೆಂದು ತೋರಿಸಿದವು. ಬೆಂಕಿಯೊಂದೇ ಕಾರಣವೇ ಎಂಬ ಚರ್ಚೆಯನ್ನು ಬಲ್ಲವರು ನಡೆಸಲಿ. ನನಗೆ ಕಂಡದ್ದು ಇಷ್ಟು: ನಡೆಯುವವರಿಲ್ಲದ ದಾರಿಯ ಎರಡೂ ಬದಿಯಿಂದ ಲಂಟಾನ ಕೈಚಾಚಿ, ಮೂರನೆಯ ವರ್ಷಕ್ಕೆ ಬೆರಳು ಹೆಣೆದುಕೊಳ್ಳುತ್ತದೆ. ಅಲ್ಲಿ ಮನುಷ್ಯನೂ ನುಸುಳಲಾರ, ಕಡವೆಯೂ ನುಸುಳದು.

ಇದರ ನಡುವೆ ವೀರಪ್ಪನ್ ಕಾಲ. 2000ದ ಜುಲೈನಲ್ಲಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾಗಿ 108 ದಿನ ನಾಡೇ ಉಸಿರು ಬಿಗಿಹಿಡಿದಿತ್ತು. 2004ರಲ್ಲಿ ಅವನು ಸಾಯುವವರೆಗೆ ಕಾಡಿನ ದಾರಿಯಲ್ಲಿ ಕಂಡ ಸೋಲಿಗನಿಗೆ ಅವನ ಕಡೆಯಿಂದಲೂ ಅಪಾಯ, ಪೊಲೀಸರ ಕಡೆಯಿಂದಲೂ ಅಪಾಯ. ಆ ವರ್ಷಗಳ ಬಗ್ಗೆ ಪೋಡುಗಳಲ್ಲಿ ಇಂದಿಗೂ ದನಿ ತಗ್ಗಿಸಿ ಮಾತನಾಡುತ್ತಾರೆ. 2006ರಲ್ಲಿ ಜೇನು, ನೆಲ್ಲಿಕಾಯಿ, ಕಲ್ಲುಪಾಚಿ ಮೊದಲಾದವನ್ನು ಮಾರಾಟಕ್ಕೆ ಸಂಗ್ರಹಿಸುವುದಕ್ಕೂ ತಡೆ ಬಂತು. ಜೇನಿಗೆ ಹೋಗದಿದ್ದರೆ ಜೇನಿನ ದಾರಿ ಯಾರಿಗೆ ಬೇಕು? ಅದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆಯೂ ಬಂದದ್ದು ವಿಚಿತ್ರ. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ 2011ರಲ್ಲಿಯೇ, ಬಹುಕಾಲದ ಹೋರಾಟದ ಫಲವಾಗಿ, ಇಪ್ಪತ್ತಕ್ಕೂ ಹೆಚ್ಚು ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿಯ ನೆಲೆಯೊಳಗೆ ಇಂತಹ ಹಕ್ಕು ಕಾನೂನಿನ ಮನ್ನಣೆ ಪಡೆದದ್ದು ದೇಶದಲ್ಲಿ ಮೊದಲು ನಮ್ಮ ಸೋಲಿಗರಿಗೆ. ಕಿರು ಅರಣ್ಯ ಉತ್ಪನ್ನ ತರುವುದರ ಜೊತೆಗೆ ತಮ್ಮ ದೇವರ ನೆಲೆಗಳಿಗೆ ಹೋಗಿಬರುವ ಹಕ್ಕೂ ಅದರಲ್ಲಿದೆ. ಎಂದರೆ ನಡೆಯುವ ಹಕ್ಕು.

ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ದಾರಿಯಿದೆ. ಮಲೆಮಹದೇಶ್ವರ ಬೆಟ್ಟದಿಂದ ಇಂಡಿಗನತ್ತದ ಮೇಲೆ ನಾಗಮಲೆಗೆ ಹೋಗುವುದು. ಮಾದಪ್ಪನ ಭಕ್ತರು ಬಹಳ ಕಾಲದಿಂದ ನಡೆಯುತ್ತಿದ್ದ ಈ ದಾರಿಗೆ ಇತ್ತೀಚಿನ ವರ್ಷಗಳಲ್ಲಿ ಚಾರಣಿಗರು ತಂಡತಂಡವಾಗಿ ಬರತೊಡಗಿದರು. ಅವರು ಚಿತ್ರ ತೆಗೆದುಕೊಳ್ಳುವ ಅದೇ ಬಗೆಯ ಏರಿಳಿತಗಳಲ್ಲಿ, ಸರಿಯಾದ ರಸ್ತೆಯಿಲ್ಲದ ಆ ಸುತ್ತಿನ ಹಳ್ಳಿಗಳ ಜನ ಕಾಯಿಲೆಯವರನ್ನೂ ಬಸುರಿಯರನ್ನೂ ಡೋಲಿ ಕಟ್ಟಿ ಹೊತ್ತು ಇಳಿಸಿದ್ದಾರೆ. 2024ರ ಏಪ್ರಿಲ್‌ನಲ್ಲಿ ಸೌಕರ್ಯಗಳಿಲ್ಲವೆಂಬ ಸಿಟ್ಟು ಇಂಡಿಗನತ್ತದ ಮತಗಟ್ಟೆಯಲ್ಲಿ ಒಡೆದು, ಮರುಮತದಾನ ನಡೆಸಬೇಕಾಯಿತು. ಅದೇ ವರ್ಷ ಜನವರಿಯಲ್ಲಿ ಕುಮಾರಪರ್ವತಕ್ಕೆ ಚಾರಣಿಗರು ಮಿತಿಮೀರಿ ನುಗ್ಗಿದ್ದರಿಂದ ರಾಜ್ಯದಲ್ಲಿ ಚಾರಣಕ್ಕೆ ತಾತ್ಕಾಲಿಕ ತಡೆ ಬಂದು, ಬಳಿಕ ಆನ್‌ಲೈನ್ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂದವು. ಒಳ್ಳೆಯದೇ ಆಯಿತು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಸತ್ತ ಚಾರಣಿಗರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು.

ಇಷ್ಟನ್ನೂ ನನ್ನ ಸೋದರಳಿಯನಿಗೆ ಒಂದೇ ಸಲ ಹೇಳಲಿಲ್ಲ. ಬಿಳಿಗಿರಿಯಲ್ಲಿ ಮನಬಂದಂತೆ ಕಾಡಿಗಿಳಿದು ಓಡುವಂತಿಲ್ಲ, ಅದು ಹುಲಿಯ ನೆಲೆ ಎಂದಷ್ಟೇ ಹೇಳಿ, ಬಂದರೆ ನನ್ನೊಡನೆ ಬೆಟ್ಟಕ್ಕೆ ಬಾ ಎಂದೆ. ಚಿಕ್ಕ ಜಾತ್ರೆ ಕಳೆದ ಮೇಲೊಂದು ದಿನ ಬಂದನು. ನನ್ನ ಮಂಡಿ ಕೈಕೊಟ್ಟಿರುವುದರಿಂದ ಬಸ್ಸಿನಲ್ಲಿಯೇ ಹೋದೆವು. ಮೊದಲು ಪೋಡಿಗೆ ಕರೆದುಕೊಂಡು ಹೋದೆ. ಆ ಅಜ್ಜನ ಮಗನಿಗೂ ಈಗ ತಲೆ ನರೆತಿದೆ. ಜಗಲಿಯಲ್ಲಿ ಕುಳಿತು, ಸೋದರಳಿಯನ ಎದುರಿಗೇ, ನಾನು ಅಂದು ಬರೆದ ವಾಕ್ಯವನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಂಗೆ ಗೊತ್ತಿತ್ತು ಮೇಷ್ಟ್ರೇ. ಗಾರ್ಡು ಹೇಳಿದ್ರು" ಎಂದರು. ಆಮೇಲೆ ಎದ್ದು ಒಳಗೆ ಹೋಗಿ ಚಹಾ ತಂದರು.

ಅಲ್ಲಿಂದ ಗುಡಿಗೆ ಹೋದೆವು. ಅರ್ಚಕರು ಪಾದರಕ್ಷೆಯನ್ನು ತಲೆಗೆ ಮುಟ್ಟಿಸಿ ಆಶೀರ್ವದಿಸಿದರು. ಹುಡುಗ ತಲೆಯೆತ್ತಿ, ತಾನು ಓಟಕ್ಕೆ ಕೊಂಡ ಬೂಟುಗಳನ್ನು ನೋಡುವಂತೆಯೇ ಅದರ ಅಟ್ಟೆಯನ್ನು ತಿರುಗಿಸಿ ನೋಡಬೇಕೆಂದನು. ಅರ್ಚಕರು ನಕ್ಕು ತೋರಿಸಿದರು. ಹಿಮ್ಮಡಿಯ ಕಡೆ ಸವೆದಿತ್ತು.